ಹಿಮದ ಮೌನ ಸಮ್ಮತಿಯ ಲಕ್ಷಣವೇ?

2016ರ ಫೆಬ್ರವರಿಯ ಆ ವಾರವನ್ನು ಕರ್ನಾಟಕದ ಜನತೆ ಮರೆತಿರಲಾರದು. ಸಿಯಾಚಿನ್ ಹಿಮನದಿಯ ಸೋನಮ್ ಠಾಣೆ ಸಮುದ್ರಮಟ್ಟದಿಂದ ಸುಮಾರು 19,600 ಅಡಿ ಎತ್ತರದಲ್ಲಿದೆ. ಫೆಬ್ರವರಿ 3ರಂದು ಅಲ್ಲಿ ಹಿಮದ ಭಾರೀ ರಾಶಿಯೊಂದು ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಯೋಧರನ್ನು ತನ್ನಡಿಯಲ್ಲಿ ಹೂತುಹಾಕಿತು. ಯಾರೂ ಉಳಿದಿರಲಾರರೆಂದು ದೇಶವೇ ಕೈಚೆಲ್ಲಿದ್ದಾಗ, ಆರನೆಯ ದಿನ, ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಇಪ್ಪತ್ತೈದು ಅಡಿಗಳಷ್ಟು ಹಿಮದ ಕೆಳಗೆ ಉಸಿರಾಡುತ್ತಿರುವುದು ಕಂಡುಬಂತು. ಜಾತಿ ಮತಗಳ ಭೇದವಿಲ್ಲದೆ ನಾಡು ಅವರಿಗಾಗಿ ಪ್ರಾರ್ಥಿಸಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಹಿಮವನ್ನೇ ಕಾಣದ ನಮ್ಮ ಊರುಗಳಿಗೆ ಹಿಮದ ಸಾವು ಮನೆಯ ಸಾವಾಗಿ ಬಂದುದು ಆಗ.

ನಮ್ಮ ಭಾಷೆಗೆ ಹಿಮದ ಒಡನಾಟ ಕಡಿಮೆ. ಆಕಾಶದಿಂದ ಹಿಮ ಉದುರಿದರೂ 'ಹಿಮಪಾತ', ಪರ್ವತದ ಮೈಯಿಂದ ಅದು ಕಳಚಿ ಉರುಳಿದರೂ 'ಹಿಮಪಾತ' ಎಂದೇ ಪತ್ರಿಕೆಗಳು ಬರೆಯುವುದುಂಟು. ಮಂಜು ಎಂದರೆ ಮಡಿಕೇರಿಯ ಮುಂಜಾವಿನ ಮುಸುಕೂ ಹೌದು, ಹಿಮಾಲಯದ ಬಿಳಿಯ ಹಾಸೂ ಹೌದು. ಈ ಲೇಖನದಲ್ಲಿ ಪರ್ವತದಿಂದ ಉರುಳುವುದನ್ನು 'ಹಿಮಕುಸಿತ' ಎಂದು ಬೇರೆಯಾಗಿಯೇ ಕರೆಯೋಣ. ಏಕೆಂದರೆ ಹಿಮ ಉದುರುವುದಕ್ಕೂ ಅದು ಕುಸಿಯುವುದಕ್ಕೂ ನಡುವೆ ಅನೇಕ ಸಲ ಮನುಷ್ಯನ ನಿರ್ಧಾರವೊಂದು ಬಂದು ನಿಲ್ಲುತ್ತದೆ. ನಮ್ಮ ವಿಚಾರಕ್ಕೆ ವಸ್ತು ಆ ನಿರ್ಧಾರವೇ.

ಸಿಯಾಚಿನ್ನಿನ ಯೋಧರು ಅಲ್ಲಿದ್ದುದು ಕರ್ತವ್ಯದ ಕರೆಯಿಂದ. ತಾವು ಎಲ್ಲಿ ನಿಲ್ಲಬೇಕೆಂಬುದನ್ನು ಅವರು ಆರಿಸಿಕೊಂಡವರಲ್ಲ. ಆದುದರಿಂದ ಅವರ ಸಾವಿನ ಮುಂದೆ ನಾವು ತಲೆಬಾಗಬಹುದೇ ಹೊರತು ನೀತಿಯ ಪ್ರಶ್ನೆಗಳನ್ನು ಅವರಿಗೆ ಕೇಳಲಾಗದು. ಆದರೆ ಪ್ರತಿ ಚಳಿಗಾಲದಲ್ಲಿ ಆಲ್ಪ್ಸ್, ರಾಕಿ, ಹಿಮಾಲಯ ಪರ್ವತಗಳಿಗೆ ತಾವಾಗಿಯೇ ಹೋಗುವ ಸಾವಿರಾರು ಜನರಿದ್ದಾರೆ. ಕಾವಲಿರುವ, ಪಹರೆಯವರು ದಿನವೂ ಪರೀಕ್ಷಿಸುವ ಜಾರುಹಾದಿಗಳನ್ನು ಬಿಟ್ಟು, ಯಾರೂ ತುಳಿಯದ ಹಿಮವನ್ನು ಹುಡುಕಿಕೊಂಡು ಅವರು ಪರ್ವತದ ಒಳಮೈಗೆ ಸಾಗುತ್ತಾರೆ. ನಮ್ಮ ದೇಶದಲ್ಲಿಯೇ ಕಾಶ್ಮೀರದ ಗುಲ್ಮಾರ್ಗದಿಂದ ಅಫರ್ವಾಟ್ ಶಿಖರದ ಇಳಿಜಾರುಗಳಿಗೆ ದೂರದೂರದ ದೇಶಗಳ ಸ್ಕೀಪಟುಗಳು ಬರುತ್ತಾರೆ. ಅಲ್ಲಿಯ ಹಿಮಕುಸಿತಗಳಲ್ಲಿ 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು ತೀರಿಕೊಂಡರು. ಅದೇ ದಿನಗಳಲ್ಲಿ, ಅಂಥವೇ ಇಳಿಜಾರುಗಳಲ್ಲಿ, ಇನ್ನೆಷ್ಟೋ ಜನ ಸುಖವಾಗಿ ಇಳಿದು ಮನೆಗೆ ಮರಳಿದರು. ಮರಳಿದವರು ಮಾಡಿದ್ದು ಸರಿ, ಮರಳದವರು ಮಾಡಿದ್ದು ತಪ್ಪು ಎನ್ನೋಣವೇ? ಈ ಪ್ರಶ್ನೆ ಮೇಲ್ನೋಟಕ್ಕೆ ಕಾಣುವಷ್ಟು ಸುಲಭದ್ದಲ್ಲ.

ಉತ್ತರಕ್ಕೆ ಮುನ್ನ ಹಿಮದ ಸ್ವಭಾವವನ್ನು ತುಸು ಅರಿಯಬೇಕು. ಪರ್ವತದ ಮೇಲಿನ ಹಿಮ ಒಂದೇ ಮುದ್ದೆಯಲ್ಲ. ಪದರ ಪದರವಾಗಿ ಕೂಡಿಟ್ಟ ಒಂದು ಚಳಿಗಾಲದ ದಿನಚರಿ. ನವೆಂಬರಿನಲ್ಲಿ ಬಿದ್ದ ತೆಳುವಾದ ಹಿಮ ನೆಲಕ್ಕಂಟಿ ಕುಳಿತಿರುತ್ತದೆ. ನೆಲದ ಬಳಿ ಶೂನ್ಯ ಡಿಗ್ರಿಯ ಆಸುಪಾಸಿನ ಬಿಸುಪು, ಮೇಲೆ ಕೊರೆಯುವ ಚಳಿ. ಈ ಅಂತರದಿಂದಾಗಿ ಹಿಮದೊಳಗಿನ ನೀರಾವಿ ಮೇಲಕ್ಕೆ ಸರಿಯುತ್ತದೆ. ಮೆತ್ತಗಿದ್ದ ಹಿಮದ ಕಣಗಳು ಮೂಲೆಮೂಲೆಯಾದ ಹರಳುಗಳಾಗುತ್ತವೆ. ಅಂಗೈಯಲ್ಲಿ ಹಿಡಿದರೆ ಸಕ್ಕರೆಯಂತೆ ಬೆರಳುಗಳ ಸಂದಿಯಿಂದ ಜಾರುವ ಹರಳುಗಳು. ಒಂದಕ್ಕೊಂದು ಅಂಟುವ ಗುಣವನ್ನು ಅವು ಕಳೆದುಕೊಂಡಿರುತ್ತವೆ. ಇನ್ನು ಮೋಡವಿಲ್ಲದ ತಣ್ಣನೆಯ ರಾತ್ರಿಗಳಲ್ಲಿ, ನಮ್ಮಲ್ಲಿ ಹುಲ್ಲಿನ ಮೇಲೆ ಇಬ್ಬನಿ ಕೂರುವಂತೆ, ಹಿಮದ ಮೇಲ್ಮೈಯಲ್ಲಿ ಹಕ್ಕಿಯ ಗರಿಯನ್ನು ಹೋಲುವ ಹರಳುಗಳು ಮೂಡುತ್ತವೆ. ಬೆಳಗಿನ ಬಿಸಿಲಿನಲ್ಲಿ ಅವು ಮಿನುಗುವುದನ್ನು ಕಂಡವರು ಅದಕ್ಕಿಂತ ಚೆಲುವಾದುದಿಲ್ಲ ಎನ್ನುತ್ತಾರೆ. ಮರುದಿನ ಹೊಸ ಹಿಮ ಬಿದ್ದು ಆ ಚೆಲುವು ಹೂತುಹೋಗುತ್ತದೆ. ಕೆಲವೇ ಮಿಲಿಮೀಟರು ದಪ್ಪದ ಆ ಪದರ ವಾರಗಟ್ಟಲೆ ಒಳಗೇ ಕಾದು ಕುಳಿತಿರಬಲ್ಲದು.

ಅದರ ಮೇಲೆ ಗಾಳಿ ಬೇರೆ ಕಡೆಯಿಂದ ಹಿಮವನ್ನು ಹೊತ್ತು ತಂದು ಒತ್ತಿ ಒತ್ತಿ ಹಲಗೆಯಂತೆ ಗಟ್ಟಿಮಾಡುತ್ತದೆ. ಈಗ ಮೇಲೆ ಗಟ್ಟಿ ಹಲಗೆ, ಕೆಳಗೆ ಸಡಿಲ ಸಕ್ಕರೆ. ಇಳಿಜಾರು 30ರಿಂದ 45 ಡಿಗ್ರಿಗಳ ನಡುವೆ ಇದ್ದರೆ, ಅಂದರೆ ನಮ್ಮ ಮನೆಗಳ ಮಾಳಿಗೆ ಮೆಟ್ಟಿಲುಗಳಷ್ಟು ಅಥವಾ ಅದಕ್ಕಿಂತ ತುಸು ಕಡಿದಾಗಿದ್ದರೆ, ಉರುಳಲು ಬೇಕಾದುದೆಲ್ಲ ಸಿದ್ಧವಾದಂತೆ. ಬೇಕಾದುದು ಒಂದು ನೆವ ಮಾತ್ರ. ಒಬ್ಬ ಮನುಷ್ಯನ ತೂಕ ಸಾಕು. ಕಾಲಡಿಯಲ್ಲಿ ಎಲ್ಲೋ ಒಳಗಿನ ಪದರ ಮುರಿಯುತ್ತದೆ. ಮುರಿತವು ಕ್ಷಣಾರ್ಧದಲ್ಲಿ ಇಳಿಜಾರಿನ ಉದ್ದಗಲಕ್ಕೂ ಹಬ್ಬುತ್ತದೆ. ಇಡೀ ಹಲಗೆ ಒಡೆದು ಗಂಟೆಗೆ ನೂರು ಕಿಲೋಮೀಟರು ಮೀರುವ ವೇಗದಲ್ಲಿ ಕೆಳಗಿಳಿಯುತ್ತದೆ. ಅವನು ಅದರ ನಟ್ಟನಡುವೆ ಇರುತ್ತಾನೆ. ವಿಹಾರಕ್ಕಾಗಿ ಹೋದವರನ್ನು ಬಲಿತೆಗೆದುಕೊಂಡ ಹಿಮಕುಸಿತಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟನ್ನು ಸತ್ತವರು ಅಥವಾ ಅವರ ಜೊತೆಗಾರರೇ ಎಬ್ಬಿಸಿದ್ದು ಎಂದು ಈ ವಿಷಯದ ತಜ್ಞರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಇದು ಮಿಂಚು ಬಡಿದಂತಲ್ಲ. ಪರ್ವತ ತಾನಾಗಿ ಬೀಳಲಿಲ್ಲ. ನಾವು ಅದರ ಮೇಲೆ ಕಾಲಿಟ್ಟೆವು.

ಆದರೆ ಕಾಲಿಟ್ಟಾಗಲೆಲ್ಲ ಅದು ಬೀಳುವುದಿಲ್ಲ. ಎಲ್ಲ ಕಷ್ಟವೂ ಇರುವುದು ಇಲ್ಲಿಯೇ. ಒಂದೇ ಇಳಿಜಾರಿನಲ್ಲಿಯೂ ದುರ್ಬಲ ಪದರ ಎಲ್ಲೆಡೆ ಒಂದೇ ಆಳದಲ್ಲಿ ಇರುವುದಿಲ್ಲ. ಮೇಲಿನ ಹಲಗೆ ದಪ್ಪವಾಗಿರುವ ಕಡೆ ಐದು ಮಂದಿ ದಾಟಿದರೂ ಏನೂ ಆಗದು. ಆರನೆಯವನು ಎರಡು ಮಾರು ಪಕ್ಕಕ್ಕೆ, ಹಲಗೆ ತೆಳುವಾಗಿರುವ ಕಡೆ, ಬಂಡೆಯೊಂದರ ಬಳಿ ಹೆಜ್ಜೆಯಿಟ್ಟರೆ ಎಲ್ಲವೂ ಕಳಚಿಕೊಳ್ಳಬಹುದು. ಹಾಗಾದರೆ ಮೊದಲ ಐವರಿಗೆ ಪರ್ವತ ಹೇಳಿದ್ದೇನು? ಏನನ್ನೂ ಹೇಳಲಿಲ್ಲ. ಆದರೆ ಅವರು ಕೇಳಿಸಿಕೊಂಡಿದ್ದು 'ಬನ್ನಿ, ಭಯವಿಲ್ಲ' ಎಂಬ ಮಾತನ್ನು. 'ಮೌನಂ ಸಮ್ಮತಿ ಲಕ್ಷಣಂ' ಎಂದು ನಮ್ಮ ಹಿರಿಯರು ಹೇಳಿದ್ದು ಮದುವೆಯ ಮಾತುಕತೆಗೆ ಹೊಂದೀತು, ಹಿಮಕ್ಕೆ ಹೊಂದುವುದಿಲ್ಲ. ಮರುದಿನ ಬಂದವರು ಆ ಐವರ ಹೆಜ್ಜೆಗುರುತುಗಳನ್ನು ನೋಡಿ ತಾವೂ ಧೈರ್ಯ ತಾಳುತ್ತಾರೆ. ಹೀಗೆ ಒಬ್ಬರ ಅದೃಷ್ಟ ಇನ್ನೊಬ್ಬರಿಗೆ ಸಾಕ್ಷ್ಯವಾಗಿಬಿಡುತ್ತದೆ.

ಸಾಮಾನ್ಯವಾಗಿ ಅನುಭವವೇ ಗುರು ಎನ್ನುತ್ತೇವೆ. ಅಡುಗೆಯಲ್ಲಿ ಉಪ್ಪು ಹೆಚ್ಚಾದರೆ ನಾಲಗೆ ಕೂಡಲೇ ತಿಳಿಸುತ್ತದೆ, ನಾಳೆ ತಿದ್ದಿಕೊಳ್ಳುತ್ತೇವೆ. ಹಿಮದ ಪಾಠಶಾಲೆಯಲ್ಲಿ ತಪ್ಪು ಲೆಕ್ಕಕ್ಕೂ ನೂರಕ್ಕೆ ನೂರು ಅಂಕ ಸಿಗುತ್ತದೆ, ಹತ್ತು ಸಲ, ಐವತ್ತು ಸಲ. ಹೆಲ್ಮೆಟ್ ಇಲ್ಲದೆ ಇಪ್ಪತ್ತು ವರ್ಷ ಬೈಕು ಓಡಿಸಿದವನು 'ನನಗೇನಾಯಿತು?' ಎಂದು ಕೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಅಮೆರಿಕದ ಇಯಾನ್ ಮೆಕ್ಯಾಮನ್ ಎಂಬ ಸಂಶೋಧಕರು 1972ರಿಂದ 2003ರವರೆಗಿನ 715 ಹಿಮಕುಸಿತ ಅಪಘಾತಗಳನ್ನು ಪರಿಶೀಲಿಸಿದರು. ಅಪಾಯದ ಕುರುಹುಗಳು ಕಣ್ಣೆದುರಿಗೇ ಇದ್ದಾಗಲೂ ಜನ ಮುಂದೆ ಹೋದುದೇಕೆ ಎಂಬುದು ಅವರ ಕುತೂಹಲ. ಅವರು ಕಂಡುಕೊಂಡ ಕಾರಣಗಳು ಹಿಮಕ್ಕೆ ಸಂಬಂಧಿಸಿದವಲ್ಲ, ಮನಸ್ಸಿಗೆ ಸಂಬಂಧಿಸಿದವು. ಜಾಗ ಪರಿಚಿತವಾಗಿತ್ತು, ಇಲ್ಲಿಯವರೆಗೆ ಬಂದು ಹಿಂದಿರುಗುವುದು ಹೇಗೆ ಎನಿಸಿತು, ಗುಂಪಿನಲ್ಲಿ ಬಲ್ಲವರೊಬ್ಬರಿದ್ದರು, ಬೇರೆ ಯಾರಾದರೂ ಮೊದಲು ಹೋಗಿ ಆ ಹೊಸ ಹಿಮವನ್ನು ತುಳಿದುಬಿಟ್ಟರೆ ಎಂಬ ಆತುರವಿತ್ತು, ಜೊತೆಯವರ ಕಣ್ಣಲ್ಲಿ ಚಿಕ್ಕವರಾಗಲು ಇಷ್ಟವಿರಲಿಲ್ಲ. ತರಬೇತಿ ಪಡೆದವರೂ ಪರಿಚಿತ ಜಾಗಗಳಲ್ಲಿ ಅಪರಿಚಿತ ಜಾಗಗಳಿಗಿಂತ ಹೆಚ್ಚು ಧಾರಾಳವಾಗಿ ಅಪಾಯವನ್ನು ಮೈಮೇಲೆ ಎಳೆದುಕೊಂಡಿದ್ದರು. ಓದಿದಾಗ ನನಗೆ ಹಿಮಪರ್ವತಕ್ಕಿಂತ ನಮ್ಮ ಕುಟುಂಬಗಳ ಸಾಲಸೋಲಗಳೇ ಹೆಚ್ಚು ನೆನಪಾದವೆಂದು ಹೇಳಬೇಕು. ಆ ಮಾತು ಇಲ್ಲಿಗೆ ಸಾಕು.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸ್ಟೀವನ್ಸ್ ಪಾಸ್ ಎಂಬಲ್ಲಿ 2012ರ ಫೆಬ್ರವರಿ 19ರಂದು ನಡೆದುದು ಇದಕ್ಕೆ ಕನ್ನಡಿ. ಭಾರೀ ಹಿಮ ಬಿದ್ದ ಮರುಬೆಳಗು. ಹಿಮಕುಸಿತದ ಮುನ್ಸೂಚನೆ ಪ್ರಕಟವಾಗಿತ್ತು. ಟನಲ್ ಕ್ರೀಕ್ ಎಂಬ ಕಣಿವೆಯ ನೆತ್ತಿಯಲ್ಲಿ ಹದಿನಾರು ಮಂದಿ ಕೂಡಿದರು. ಅವರಲ್ಲಿ ವೃತ್ತಿಪರ ಸ್ಕೀಪಟುಗಳಿದ್ದರು, ಆ ಜಾಗದ ಮೂಲೆಮೂಲೆಯನ್ನೂ ಬಲ್ಲವರಿದ್ದರು. ಗುಂಪು ಬಹಳ ದೊಡ್ಡದಾಯಿತು, ಈ ದಿನ ಇದು ಬೇಡವೇನೋ ಎಂದು ಅವರಲ್ಲಿ ಹಲವರಿಗೆ ಒಳಗೊಳಗೇ ಅನಿಸಿತ್ತೆಂದು ಆಮೇಲೆ ತಿಳಿದುಬಂತು. ಯಾರೂ ಬಾಯಿಬಿಡಲಿಲ್ಲ. ಇಷ್ಟು ಜನ ಬಲ್ಲವರಿರುವಾಗ ನಾನೇಕೆ ಆಡಲಿ ಎಂಬುದೇ ಒಬ್ಬೊಬ್ಬರ ಯೋಚನೆ. ಹಿಮ ಕುಸಿಯಿತು, ಮೂವರು ಸತ್ತರು. ಪರ್ವತದ ಮೌನವೊಂದು, ಮನುಷ್ಯರ ಮೌನವೊಂದು. ಎರಡನ್ನೂ ಅಲ್ಲಿ ಒಪ್ಪಿಗೆಯೆಂದೇ ಎಣಿಸಲಾಯಿತು.

ತರಬೇತಿಯೂ ಅನುಭವವೂ ವ್ಯರ್ಥವೆಂಬುದು ಇದರ ಅರ್ಥವಲ್ಲ. ಆದರೆ ಅವು ರಕ್ಷಾಕವಚವೂ ಅಲ್ಲ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಾಂಡಾ ಶಿಖರದಲ್ಲಿ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ತಂಡ ಹಿಮಕುಸಿತಕ್ಕೆ ಸಿಕ್ಕಿದಾಗ 29 ಮಂದಿಯನ್ನು ಕಳೆದುಕೊಂಡೆವು. ಬಹುಪಾಲು ಕಲಿಯಲು ಹೋಗಿದ್ದ ಯುವಜನರು, ಕರ್ನಾಟಕದವರೂ ಅವರಲ್ಲಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಎವರೆಸ್ಟ್ ಏರಿ ಬಂದಿದ್ದ ಸವಿತಾ ಕಂಸ್ವಾಲ್ ಬೋಧಕಿಯಾಗಿ ಜೊತೆಗಿದ್ದರು, ಅವರೂ ಮರಳಲಿಲ್ಲ. ಇಲ್ಲಿ ಯಾರ ಮೇಲೂ ಬೆರಳು ತೋರಿಸುವ ಅಧಿಕಾರ ನಮಗಿಲ್ಲ.

ಈಗ ನಮ್ಮ ಮೂಲ ಪ್ರಶ್ನೆಗೆ ಬರೋಣ. ಇಬ್ಬರು ಒಂದೇ ದಿನ, ಒಂದೇ ಎಚ್ಚರಿಕೆಯನ್ನು ಓದಿ, ಅದನ್ನು ಬದಿಗೊತ್ತಿ, ಒಂದೇ ಬಗೆಯ ಎರಡು ಇಳಿಜಾರುಗಳಿಗೆ ಇಳಿದರೆಂದುಕೊಳ್ಳಿ. ಒಬ್ಬನ ಹಿಂದೆ ಹಿಮ ಕುಸಿದು ಅವನ ಗೆಳೆಯ ಸತ್ತ. ಇನ್ನೊಬ್ಬ ಕೆಳಗಿಳಿದು ಬಿಸಿ ಕಾಫಿ ಕುಡಿದ. ಮೊದಲನೆಯವನನ್ನು ಊರೆಲ್ಲ ದೂಷಿಸುತ್ತದೆ. ಅವನೂ ಜೀವಮಾನವೆಲ್ಲ ತನ್ನನ್ನು ದೂಷಿಸಿಕೊಳ್ಳುತ್ತಾನೆ. ಎರಡನೆಯವನನ್ನು ಸಾಹಸಿ ಎನ್ನುತ್ತೇವೆ. ತತ್ತ್ವಜ್ಞಾನಿಗಳಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ 1976ರಲ್ಲಿ ಈ ಒಗಟನ್ನು 'ನೈತಿಕ ಅದೃಷ್ಟ' ಎಂಬ ಹೆಸರಿನಲ್ಲಿ ಚರ್ಚೆಗೆ ತಂದರು. ಮನುಷ್ಯನ ಕೈಯಲ್ಲಿಲ್ಲದ ಸಂಗತಿಯಿಂದ ಅವನ ಒಳ್ಳೆಯತನ ಕೆಟ್ಟತನಗಳು ತೀರ್ಮಾನವಾಗುವುದಾದರೆ ನೀತಿ ಎಂಬುದಕ್ಕೆ ನೆಲೆ ಎಲ್ಲಿ ಎಂಬುದು ಅವರ ಚರ್ಚೆಯ ತಿರುಳು.

ಗುರುಮಠದಲ್ಲಿ ನೀತಿಶಾಸ್ತ್ರವನ್ನು ಕಲಿಯುವಾಗ ನಮಗೆ ಇದಕ್ಕಿಂತ ಏಳುನೂರು ವರ್ಷ ಹಳೆಯದಾದ ಒಂದು ವಿವೇಚನೆ ಪರಿಚಯವಾಗಿರುತ್ತದೆ. ಸಂತ ತೋಮಸ್ ಅಕ್ವಿನಾಸರು ಇದೇ ಪ್ರಶ್ನೆಯನ್ನು ಎತ್ತಿಕೊಂಡು, ನಡೆದ ಪರಿಣಾಮವು ನಡೆಸಿದ ಕ್ರಿಯೆಯ ಒಳಿತು ಕೆಡುಕುಗಳನ್ನು ಹೆಚ್ಚಿಸುತ್ತದೆಯೇ ಎಂದು ವಿಚಾರಿಸಿದ್ದಾರೆ. ಮೊದಲೇ ಕಂಡಿದ್ದ ಪರಿಣಾಮ ಹೆಚ್ಚಿಸುತ್ತದೆ. ಕಂಡಿರದಿದ್ದರೂ ಆ ಕ್ರಿಯೆಯ ಸ್ವಭಾವದಿಂದಲೇ ಸಾಮಾನ್ಯವಾಗಿ ಹುಟ್ಟುವಂಥದಾಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಕೇವಲ ಆಕಸ್ಮಿಕವಾಗಿ ಒದಗಿದ್ದು ಬರುವುದಿಲ್ಲ. ಈ ಅಳತೆಗೋಲಿನಿಂದ ಅಳೆದರೆ ನಮ್ಮ ಆ ಇಬ್ಬರೂ ಸರಿಸಮಾನರು. ಇಬ್ಬರೂ ಅಪಾಯವನ್ನು ಕಂಡಿದ್ದರು. ಕಾಫಿ ಕುಡಿಯುತ್ತಿರುವವನ ತಪ್ಪು ಅವನಿಗೆ ತಿಳಿಯಲಿಲ್ಲ ಎಂಬುದಷ್ಟೇ ವ್ಯತ್ಯಾಸ. ನನ್ನ ದೃಷ್ಟಿಯಲ್ಲಿ ಅವನ ಸ್ಥಿತಿಯೇ ಹೆಚ್ಚು ಚಿಂತಾಜನಕ. ಮೊದಲನೆಯವನಿಗೆ ಕಣ್ಣೀರಾದರೂ ಇದೆ. ಹಾಗೆಯೇ ಎಲ್ಲ ಎಚ್ಚರಗಳನ್ನೂ ವಹಿಸಿ, ಕಾಣಬಹುದಾದುದನ್ನೆಲ್ಲ ಕಂಡು ನಡೆದರೂ ಹಿಮದಡಿ ಸಿಕ್ಕಿಬಿದ್ದವನನ್ನು ಸತ್ತನೆಂಬ ಕಾರಣಕ್ಕೆ ಅವಿವೇಕಿ ಎನ್ನುವುದು ಕ್ರೌರ್ಯ. ಸಾವಿನ ಮನೆಯಲ್ಲಿ 'ಅಲ್ಲಿಗೆ ಹೋಗಬಾರದಿತ್ತು' ಎನ್ನುವ ನಾಲಗೆಗಳು ಇದನ್ನು ನೆನಪಿಟ್ಟರೆ ಒಳ್ಳೆಯದು.

'ಹಾಗಾದರೆ ಹೋಗುವುದೇ ಏಕೆ? ಮನೆಯಲ್ಲಿದ್ದರಾಯಿತಲ್ಲ?' ಎಂದು ತಾಯಂದಿರು ಕೇಳುವುದು ಸಹಜ. ಆದರೆ ಅಪಾಯವೇ ಪಾಪವಲ್ಲ. ಪರ್ವತಗಳನ್ನು ಕಂಡು ಮನುಷ್ಯ ಹಿಗ್ಗುವುದು ತಪ್ಪೆಂದು ಧರ್ಮಸಭೆ ಎಂದೂ ಹೇಳಿಲ್ಲ. ಹನ್ನೊಂದನೆಯ ಪಯಸ್ ಜಗದ್ಗುರುಗಳು ಗುರುಗಳಾಗಿದ್ದ ಕಾಲದಲ್ಲಿ ನುರಿತ ಪರ್ವತಾರೋಹಿ. 1889ರಲ್ಲಿ ಮೊಂಟೆ ರೋಸಾ ಪರ್ವತವನ್ನು ಅದರ ಕಡಿದಾದ ಪೂರ್ವದ ಮುಖದಿಂದ ಏರಿದವರು. 1923ರಲ್ಲಿ ಅವರೇ ಸಂತ ಬರ್ನಾರ್ಡರನ್ನು ಪರ್ವತಾರೋಹಿಗಳ ಪಾಲಕ ಸಂತರೆಂದು ಘೋಷಿಸಿದರು. ಆ ಸಂತರು ಹನ್ನೊಂದನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಇಟಲಿಗಳ ನಡುವೆ 2,469 ಮೀಟರ್ ಎತ್ತರದ ಕಣಿವೆದಾರಿಯಲ್ಲಿ ಕಟ್ಟಿದ ಆಶ್ರಯಮನೆ ಇಂದಿಗೂ ಇದೆ. ಅಗಸ್ಟೀನರ ನಿಯಮವನ್ನು ಪಾಲಿಸುವ ಗುರುಗಳು ಈಗಲೂ ಅದನ್ನು ನಡೆಸುತ್ತಾರೆ. ಚಳಿಗಾಲದಲ್ಲಿ ರಸ್ತೆ ಮುಚ್ಚಿಹೋಗುತ್ತದೆ. ಅಲ್ಲಿಗೆ ತಲುಪಲು ಸ್ಕೀ ಧರಿಸಿಯೋ ಹಿಮಪಾದುಕೆ ಧರಿಸಿಯೋ ನಡೆಯಬೇಕು. ಆ ಹಾದಿಯ ಒಂದು ಭಾಗಕ್ಕೆ ಸತ್ತವರ ಕಣಿವೆ ಎಂದೇ ಹೆಸರು. ಪರ್ವತಕ್ಕೆ ಬರಬೇಡಿರೆಂದು ಆ ಗುರುಗಳು ಎಂದೂ ಹೇಳಲಿಲ್ಲ. ಬಂದವರಿಗಾಗಿ ಬಾಗಿಲು ತೆರೆದಿಟ್ಟರು, ನಾಯಿಗಳೊಂದಿಗೆ ಹಿಮದಲ್ಲಿ ಹುಡುಕಲು ಹೋದರು. ಹಾಗೆ ಹೋದವರಲ್ಲಿ ಕೆಲವರು ತಾವೇ ಹಿಮದಲ್ಲಿ ಉಳಿದರು.

ಇದು ಇನ್ನೊಂದು ವಿಚಾರಕ್ಕೆ ದಾರಿ ತೆರೆಯುತ್ತದೆ. 'ನನ್ನ ಪ್ರಾಣ, ನನ್ನಿಷ್ಟ' ಎಂಬ ಮಾತು ಹಿಮದಲ್ಲಿ ನಿಲ್ಲುವುದಿಲ್ಲ. ಹೂತುಹೋದವನನ್ನು ಮೊದಲ ಹತ್ತು ನಿಮಿಷಗಳಲ್ಲಿ ಹೊರತೆಗೆದರೆ ಬದುಕುವ ಸಾಧ್ಯತೆ ಹತ್ತರಲ್ಲಿ ಒಂಬತ್ತು. ಅರ್ಧ ಗಂಟೆಯಾಗುವಷ್ಟರಲ್ಲಿ ಅದು ಹತ್ತರಲ್ಲಿ ಮೂರಕ್ಕೆ ಇಳಿಯುತ್ತದೆ. ಸ್ವಿಟ್ಜರ್ಲೆಂಡಿನ ನಾಲ್ಕು ದಶಕಗಳ ದಾಖಲೆಗಳಿಂದ 2024ರಲ್ಲಿ ಪ್ರಕಟವಾದ ಲೆಕ್ಕವಿದು. ಕುಸಿದು ನಿಂತ ಹಿಮ ಸಿಮೆಂಟಿನಂತೆ ಬಿಗಿದುಕೊಳ್ಳುತ್ತದೆ. ಒಳಗಿರುವವನು ಬೆರಳನ್ನೂ ಅಲ್ಲಾಡಿಸಲಾರ. ಹೆಲಿಕಾಪ್ಟರು ಬರುವಷ್ಟರಲ್ಲಿ ಬಹುತೇಕ ಹೊತ್ತು ಮೀರಿರುತ್ತದೆ. ಉಳಿಸಬಲ್ಲವರು ಪಕ್ಕದಲ್ಲಿರುವ ಜೊತೆಗಾರರು ಮಾತ್ರ. ಅದಕ್ಕಾಗಿ ಪ್ರತಿಯೊಬ್ಬರೂ ಮೂರು ವಸ್ತುಗಳನ್ನು ಒಯ್ಯುತ್ತಾರೆ: ಸಂಕೇತವನ್ನು ಕಳುಹಿಸುವ ಮತ್ತು ಗ್ರಹಿಸುವ ಪುಟ್ಟ ರೇಡಿಯೊ ಸಾಧನ, ಹಿಮಕ್ಕೆ ಚುಚ್ಚಿ ಹುಡುಕುವ ಮಡಚುವ ಉದ್ದನೆಯ ಕೋಲು, ಒಂದು ಸಲಿಕೆ. ನಾನು ಹೂತುಹೋದರೆ ನನ್ನ ಬೆನ್ನಿನ ಮೇಲಿರುವ ಸಲಿಕೆ ನನಗೆ ಯಾವ ಉಪಯೋಗಕ್ಕೂ ಬಾರದು. ಅದು ನನ್ನ ಗೆಳೆಯನ ಪಾಲಿನದು; ನನ್ನ ಪಾಲಿನ ಸಲಿಕೆ ಅವನ ಬೆನ್ನಿನ ಮೇಲಿದೆ. ಅದನ್ನು ಮನೆಯಲ್ಲಿ ಬಿಟ್ಟು ಬಂದವನು ಭಾರ ಇಳಿಸಿಕೊಂಡದ್ದು ತನ್ನ ಬೆನ್ನಿನಿಂದಲ್ಲ, ಇನ್ನೊಬ್ಬನ ಆಯುಸ್ಸಿನಿಂದ.

ಯುರೋಪಿನಲ್ಲಿ ಹಿಮಕುಸಿತದ ಅಪಾಯವನ್ನು 1993ರಿಂದ ಐದು ಹಂತಗಳಲ್ಲಿ ಅಳೆಯುತ್ತಾರೆ. ದಾವೋಸಿನ ಸಂಶೋಧನಾ ಸಂಸ್ಥೆ ಚಳಿಗಾಲದಲ್ಲಿ ದಿನಕ್ಕೆರಡರಂತೆ ಬೆಳಗ್ಗೆಯೂ ಸಂಜೆ ಐದು ಗಂಟೆಗೂ ಪ್ರಕಟಣೆ ಹೊರಡಿಸುತ್ತದೆ. ಹೆಚ್ಚು ಜನ ಸಾಯುವುದು ಐದನೆಯ ಹಂತದಲ್ಲಿ ಎಂದು ನಾವು ಭಾವಿಸುತ್ತೇವೆ. ಅಲ್ಲ. ನಾಲ್ಕು, ಐದು ಎಂದಾಗ ಬಿರುಗಾಳಿ ಬೀಸುತ್ತಿರುತ್ತದೆ; ಯಾರೂ ಹೊರಡುವುದಿಲ್ಲ. ಸಾವುಗಳು ಹೆಚ್ಚು ಮೂರನೆಯ ಹಂತದಲ್ಲಿ. ಆ ದಿನ ಆಕಾಶ ತಿಳಿಯಾಗಿರುತ್ತದೆ, ಬಿಸಿಲು ಬಿದ್ದಿರುತ್ತದೆ, ಹೊಸ ಹಿಮ ಕಣ್ಣು ಕೋರೈಸುತ್ತದೆ, ಮೂರು ಎಂಬುದು ಐದರ ಮಧ್ಯದಲ್ಲಿ ನಿರುಪದ್ರವಿಯಂತೆ ಕಾಣುತ್ತದೆ.

ಅಂಥ ಒಂದು ಬೆಳಗ್ಗೆ ಐವರ ಗುಂಪೊಂದು ಇಳಿಜಾರಿನ ನೆತ್ತಿಗೆ ಬಂದಿದೆಯೆನ್ನಿ. ಅವರಲ್ಲೊಬ್ಬ, ಬಹುಶಃ ಎಲ್ಲರಿಗಿಂತ ಕಿರಿಯ, 'ಇವತ್ತು ಬೇಡ' ಎನ್ನುತ್ತಾನೆ. ಒಬ್ಬ ಬೇಡವೆಂದರೆ ಎಲ್ಲರೂ ಹಿಂದಿರುಗಬೇಕೆಂದು ಹೊರಡುವ ಮುನ್ನವೇ ಮಾತಾಗಿದೆ. ಅನುಭವಸ್ಥ ಗುಂಪುಗಳು ಈ ಕಟ್ಟಳೆಯನ್ನು ಇಟ್ಟುಕೊಳ್ಳುತ್ತವೆ. ವಿವೇಕದ ಅಂಗಗಳನ್ನು ಎಣಿಸುವಾಗ ಅಕ್ವಿನಾಸರು ಇನ್ನೊಬ್ಬರಿಂದ ಕಲಿಯಲು ಸಿದ್ಧವಿರುವ ಗುಣವನ್ನೂ ಸೇರಿಸಿದ್ದಾರೆ, ಯಾರೊಬ್ಬರೂ ಎಲ್ಲವನ್ನೂ ತಾವೇ ಕಾಣಲಾರರು ಎಂಬ ಕಾರಣಕ್ಕೆ. ಐವರೂ ಬಂದ ದಾರಿಯಲ್ಲೇ ಇಳಿಯುತ್ತಾರೆ. ಮಧ್ಯಾಹ್ನ ಇನ್ನೊಂದು ಗುಂಪು ಅದೇ ಇಳಿಜಾರಿನಲ್ಲಿ ಕೇಕೆ ಹಾಕುತ್ತ ಜಾರಿ ಬರುತ್ತದೆ, ಫೋಟೊ ತೆಗೆಯುತ್ತದೆ. ಹಿಮ ಕುಸಿಯುವುದಿಲ್ಲ. ಸಂಜೆ ಊಟದ ಮೇಜಿನಲ್ಲಿ ನಾಲ್ವರೂ ಕಿರಿಯವನ ಕಡೆಗೊಮ್ಮೆ ನೋಡಿ ನಗುತ್ತಾರೆ. ತಾನು ಹೇಳಿದ್ದು ಸರಿಯೆಂದು ತೋರಿಸಲು ಅವನ ಬಳಿ ಏನೂ ಇಲ್ಲ, ಎಂದೂ ಇರಲಾರದು. ಆ ಇಳಿಜಾರು ವಸಂತದಲ್ಲಿ ಕರಗಿ ನೀರಾಗುವವರೆಗೂ ಹಾಗೆಯೇ ಉಳಿಯಬಹುದು. ರಾತ್ರಿ ಮತ್ತೆ ಹತ್ತಿಪ್ಪತ್ತು ಸೆಂಟಿಮೀಟರು ಹಿಮ ಬೀಳುತ್ತದೆ. ಬೆಳಗಾದಾಗ ಐವರೂ ಬೂಟುಗಳ ಪಟ್ಟಿ ಬಿಗಿಯುತ್ತಾರೆ; ಅವನು ಅಂದಿನ ಪ್ರಕಟಣೆಯನ್ನು ಕೊನೆಯ ಸಾಲಿನವರೆಗೆ ಓದಿ ಮುಗಿಸಿ, ಸಲಿಕೆಯನ್ನು ಬೆನ್ನಿಗೇರಿಸಿಕೊಳ್ಳುತ್ತಾನೆ.